ಬ್ಯಾಟರಿ ಬದಲಿಸುವ ಮೊದಲು ಒಂದು ಬಲ್ಬ್ ಹಿಡಿದು ನೋಡಿ

ಮಾನ್ಯ ಸಂಪಾದಕರೇ,

ಕಳೆದ ಜುಲೈ ತಿಂಗಳ ಒಂದು ರಾತ್ರಿ. ಬದಿಯಡ್ಕದಿಂದ ಪೆರ್ಲಕ್ಕೆ ಪಿಕಪ್ಪಿನಲ್ಲಿ ಒಬ್ಬನೇ ಬರುತ್ತಿದ್ದೆ. ಜೋರು ಮಳೆ. ಉಕ್ಕಿನಡ್ಕ ದಾಟಿದ ಮೇಲೆ ಒಂದು ತಿರುವಿನಲ್ಲಿ ದನ ಅಡ್ಡ ಬಂತು. ಬ್ರೇಕ್ ಮೆಟ್ಟಿದೆ. ಹಿಂದಿನಿಂದ ಟಯರ್ ಉಜ್ಜಿದ ಸದ್ದು ಕೇಳಿಸಿತು. ಇಳಿದು ನೋಡಿದರೆ ಒಂದು ಬೈಕ್ ನನ್ನ ಗಾಡಿಯ ಹಿಂಬಾಗಿಲಿನಿಂದ ಒಂದು ಮಾರು ದೂರದಲ್ಲಿ ಓರೆಯಾಗಿ ನಿಂತಿತ್ತು. ಅದರಲ್ಲಿ ಇಬ್ಬರು ಹುಡುಗರು. ಒದ್ದೆಯಾಗಿ ನಡುಗುತ್ತಿದ್ದರು. ಒಬ್ಬ ನನ್ನ ಹಳೆಯ ವಿದ್ಯಾರ್ಥಿ. “ಮಾಷ್ಟ್ರೇ, ನಿಮ್ಮ ಗಾಡಿಯ ಹಿಂದೆ ಲೈಟೇ ಇಲ್ಲ. ನೀವು ಬ್ರೇಕ್ ಹಾಕಿದ್ದು ನಮಗೆ ಗೊತ್ತೇ ಆಗಲಿಲ್ಲ” ಎಂದ.

ಎದುರಿನ ಹೆಡ್‌ಲೈಟ್ ಉರಿಯುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಎಲ್ಲ ಸರಿ ಇತ್ತು. ಹಿಂದಿನ ಬಲ್ಬುಗಳನ್ನು ಅದೇ ತಿಂಗಳು ಬದಲಿಸಿದ್ದೆ. ಏಪ್ರಿಲ್‌ನಲ್ಲಿ ಫಿಟ್‌ನೆಸ್ ತಪಾಸಣೆ ಕೂಡ ಆಗಿತ್ತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಮಾಡಿಸಬೇಕು. ನಾನು ಒಂದು ವರ್ಷವೂ ತಪ್ಪಿಸಿದವನಲ್ಲ. ಆದರೂ ಆ ರಾತ್ರಿ ಇಬ್ಬರು ಮಕ್ಕಳು ನನ್ನ ಗಾಡಿಯ ಹಿಂದೆ ಸಾಯುತ್ತಿದ್ದರು. ಇದನ್ನು ನೆನೆಸಿದರೆ ಈಗಲೂ ನನಗೆ ನಿದ್ದೆ ಬರುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಯಿತು, ದಯವಿಟ್ಟು ಕತ್ತರಿಸದೆ ಹಾಕಿ.

ನನ್ನದು 2005ರ ಡೀಸೆಲ್ ಪಿಕಪ್. 2012ರಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡದ್ದು. ಶಾಲೆಯಲ್ಲಿ ಅಧ್ಯಾಪಕನಾಗಿದ್ದಾಗಲೂ ತೋಟದ ಕೆಲಸ ಇದರಲ್ಲೇ, ಈಗ ನಿವೃತ್ತನಾದ ಮೇಲೂ ಇದರಲ್ಲೇ. ಅಡಿಕೆ, ತೆಂಗಿನಕಾಯಿ, ಗೊಬ್ಬರ, ಸೊಪ್ಪು, ಮದ್ದಿನ ಡ್ರಮ್ಮು, ಎಲ್ಲ ಇದರಲ್ಲೇ ಹೋಗಬೇಕು. ಇಂಜಿನ್ ಈಗಲೂ ಗಟ್ಟಿ ಇದೆ. ಕಂಪ್ಯೂಟರ್, ಸೆನ್ಸರ್ ಯಾವುದೂ ಇಲ್ಲದ ಗಾಡಿ. ಮಾರಿ ಹೊಸದು ತೆಗೆದುಕೊಳ್ಳಿ ಎನ್ನುವವರು ಬೇಕಾದಷ್ಟು ಜನ. ಹೊಸದಕ್ಕೆ ಲಕ್ಷಗಟ್ಟಲೆ ಬೇಕು. ಮಹಾಳಿ (ಕೊಳೆರೋಗ) ಬಂದು ಅರ್ಧ ಅಡಿಕೆ ಉದುರಿದ ವರ್ಷ ಆ ಮಾತು ಹೇಳುವುದು ಸುಲಭವಲ್ಲ. ನಮ್ಮ ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಪೈವಳಿಕೆ ಕಡೆ ಇಂಥ ಹಳೆಯ ಪಿಕಪ್, ಜೀಪುಗಳು ಎಷ್ಟೋ ಮನೆಗಳ ಅಂಗಳದಲ್ಲಿವೆ. ನಾನು ಬರೆಯುತ್ತಿರುವುದು ಅವರಿಗಾಗಿ.

ಹಿಂದಿನ ದೀಪಕ್ಕಿಂತ ಮೊದಲೇ ಇನ್ನೊಂದು ತೊಂದರೆ ಇತ್ತು. ಬೆಳಿಗ್ಗೆ ಸೆಲ್ಫ್ (ಇಂಜಿನನ್ನು ತಿರುಗಿಸಿ ಚಾಲೂ ಮಾಡುವ ಮೋಟಾರು) ಹೊಡೆದರೆ ಇಂಜಿನ್ ಭಾರವಾಗಿ ತಿರುಗುತ್ತಿತ್ತು. ಕೆಲವು ದಿನ ಬರೀ ಟಕ್ ಎನ್ನುವ ಸದ್ದು. ಆಗ ಮನೆಯವರೆಲ್ಲ ಸೇರಿ ದೂಡಬೇಕು. ಗ್ಯಾರೇಜಿಗೆ ಹೋದೆ. “ಬ್ಯಾಟರಿ ಹೋಗಿದೆ” ಎಂದರು. ಹಾಕಿಸಿದೆ, 7,200 ರೂಪಾಯಿ. ಎರಡು ತಿಂಗಳು ಕಳೆದು ಮತ್ತೆ ಅದೇ ಕತೆ. “ಸೆಲ್ಫ್ ಬಿಚ್ಚಬೇಕು” ಎಂದರು. ಬುಷ್, ಬ್ರಷ್ ಎಲ್ಲ ಸೇರಿ 3,800. ಸ್ವಲ್ಪ ದಿನ ಸರಿ ಇತ್ತು. ಮಳೆ ಶುರುವಾದ ಕೂಡಲೇ ಮತ್ತೆ ಟಕ್. “ಹಾಗಾದರೆ ಡೈನಮೋ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿಲ್ಲ” ಎಂದರು. ಅದಕ್ಕೆ 5,500. ಇದರ ನಡುವೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಎರಡು ಸಲ ಬದಲಿಸಿದರು, ಅದು 900. ಒಟ್ಟು 17,400 ರೂಪಾಯಿ. ಗಾಡಿ ಮಾತ್ರ ಹಾಗೇ ಇತ್ತು.

ಗ್ಯಾರೇಜಿನ ಹೆಸರು ನಾನು ಬರೆಯುವುದಿಲ್ಲ. ಅವರು ಮೋಸ ಮಾಡಿದ್ದಲ್ಲ. ನನ್ನ ಕಣ್ಣೆದುರೇ ಕಷ್ಟಪಟ್ಟು ಕೆಲಸ ಮಾಡಿದ್ದಾರೆ. ಆದರೆ ನಾಲ್ಕು ಸಲ ಹೋದಾಗಲೂ ಒಬ್ಬರೂ ಏನನ್ನೂ ಅಳೆದು ನೋಡಲಿಲ್ಲ. ಅಳೆಯಿರಿ ಎಂದು ನಾನೂ ಕೇಳಲಿಲ್ಲ.

ಬೈಕಿನ ಘಟನೆ ಆದ ಮೇಲಿನ ಭಾನುವಾರ ನಮ್ಮ ಊರಿನ ಒಬ್ಬ ಹಿರಿಯರನ್ನು ಮನೆಗೆ ಕರೆದೆ. ಬಸ್ಸುಗಳ ವಯರಿಂಗ್ ಕೆಲಸದಲ್ಲಿ ನಲವತ್ತು ವರ್ಷ ಕಳೆದವರು. ಈಗ ಕೆಲಸ ಬಿಟ್ಟಿದ್ದಾರೆ. ಊರಿಗೆಲ್ಲ ಅವರು ಇಚ್ಚ. ಮನೆಮಾತು ಮಲಯಾಳ, ಸಂತೆಯಲ್ಲಿ ತುಳು, ನನ್ನ ಹತ್ತಿರ ಕನ್ನಡ. ಕೈಯಲ್ಲಿ ಒಂದು ಬಟ್ಟೆಯ ಚೀಲ. ಅದರಲ್ಲಿ ವೋಲ್ಟ್, ಕರೆಂಟು ಅಳೆಯುವ ಒಂದು ಮಲ್ಟಿಮೀಟರ್, ಒಂದು ಜೊತೆ ಜಂಪರ್ ಕೇಬಲ್, ಮತ್ತೆ ಅವರೇ ಮಾಡಿದ ಟೆಸ್ಟ್ ಲ್ಯಾಂಪ್. ಟೆಸ್ಟ್ ಲ್ಯಾಂಪ್ ಎಂದರೆ ದೊಡ್ಡದೇನೂ ಅಲ್ಲ. 21 ವಾಟಿನ ಹಳೆಯ ಇಂಡಿಕೇಟರ್ ಬಲ್ಬು, ಅದರ ಹೋಲ್ಡರಿಗೆ ಎರಡು ವಯರು. ಒಂದರ ತುದಿಗೆ ಕಚ್ಚುವ ಕ್ಲಿಪ್. ಇನ್ನೊಂದರ ತುದಿಗೆ ಗೋಣಿಸೂಜಿ.

ಇಚ್ಚ ಗಾಡಿ ಮುಟ್ಟುವ ಮೊದಲು ಪ್ರಶ್ನೆ ಕೇಳಿದರು. ಮಳೆಗಾಲದಲ್ಲಿ ಜಾಸ್ತಿಯೋ? ಇಂಜಿನ್ ಬಿಸಿ ಇದ್ದಾಗ ಹೇಗೆ? ಏನೇನು ಬದಲಿಸಿದ್ದೀರಿ? ನಾನು ಹೇಳುತ್ತಾ ಹೋದೆ. ಆಕ್ಸಿಲರೇಟರ್ ಕೇಬಲ್ ಎಂದ ಕೂಡಲೇ ಕೈ ಎತ್ತಿ ನಿಲ್ಲಿಸಿದರು.

“ಎರಡು ಸಲವಾ ಮಾಷ್ಟ್ರೇ?”

“ಹೌದು ಇಚ್ಚ. ಒಳಗಿನ ಪ್ಲಾಸ್ಟಿಕ್ ಕರಗಿದ ಹಾಗೆ ಆಗಿತ್ತು.”

“ಹಾಗಾದರೆ ಗಾಡಿ ಬಾಯಿ ಬಿಟ್ಟು ಹೇಳಿದೆ. ಕೇಳುವವರು ಇರಲಿಲ್ಲ, ಅಷ್ಟೇ.”

ನನ್ನನ್ನು ಸೀಟಿನಲ್ಲಿ ಕೂರಿಸಿ ಸೆಲ್ಫ್ ಹೊಡೆಯಲು ಹೇಳಿದರು. ಅದಕ್ಕೆ ಮೊದಲು ಮೀಟರನ್ನು ಬ್ಯಾಟರಿಯ ಎರಡು ತುದಿಗೆ ಹಿಡಿದರು. 12.5 ವೋಲ್ಟ್. ತುಂಬಿದ ಬ್ಯಾಟರಿ ಸುಮ್ನೆ ಇರುವಾಗ 12.6 ತೋರಿಸುತ್ತದೆ, 12.2 ಇದ್ದರೆ ಅರ್ಧ ಖಾಲಿ, 12ಕ್ಕಿಂತ ಕೆಳಗೆ ಹೋದರೆ ಬಹುಮಟ್ಟಿಗೆ ಖಾಲಿ. ಹಾಗಾಗಿ ಬ್ಯಾಟರಿ ಸರಿ ಇತ್ತು. ಸೆಲ್ಫ್ ಹೊಡೆದೆ. ಇಂಜಿನ್ ನರಳುತ್ತಾ ತಿರುಗಿತು. ಆಗ ಬ್ಯಾಟರಿಯಲ್ಲಿ 11.4. ಬ್ಯಾಟರಿ ಹೋಗಿದ್ದರೆ ಅದು ಒಂಬತ್ತಕ್ಕೂ ಕೆಳಗೆ ಬೀಳುತ್ತಿತ್ತಂತೆ. “ಬ್ಯಾಟರಿಯಲ್ಲಿ ಜೀವ ಇದೆ, ಆದರೆ ಅದು ಸೆಲ್ಫಿಗೆ ತಲುಪುತ್ತಿಲ್ಲ” ಎಂದರು ಇಚ್ಚ.

ಆಮೇಲೆ ಅವರು ಮಾಡಿದ್ದನ್ನು ನಾನು ಜೀವಮಾನದಲ್ಲಿ ಮರೆಯುವುದಿಲ್ಲ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ ಇಟ್ಟರು. ಇನ್ನೊಂದನ್ನು ಇಂಜಿನಿನ ಬರೀ ಲೋಹಕ್ಕೆ ಒತ್ತಿದರು. “ಈಗ ಹೊಡೆಯಿರಿ.” ಹೊಡೆದೆ. ಮೀಟರು 2.4 ತೋರಿಸಿತು. ಅಲ್ಲಿ 0.2ಕ್ಕಿಂತ ಜಾಸ್ತಿ ಇರಬಾರದು. ಪ್ಲಸ್ಸಿನ ಕಡೆ ಹೀಗೇ ನೋಡಿದಾಗ 0.3, ಅದು ಪರವಾಗಿಲ್ಲ. ಅಂದರೆ ಸೆಲ್ಫಿಗೆ ಸಿಗುತ್ತಿದ್ದದ್ದು ಒಂಬತ್ತಕ್ಕೂ ಕಡಿಮೆ. ಬಾಕಿ ಎರಡೂವರೆ ವೋಲ್ಟ್ ವಾಪಸ್ ಬರುವ ದಾರಿಯಲ್ಲೇ ಕಳೆದು ಹೋಗುತ್ತಿತ್ತು.

ನಂಬಿಕೆ ಬರಲೆಂದು ಜಂಪರ್ ಕೇಬಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಇಂಜಿನಿಗೆ ಕಚ್ಚಿಸಿದರು. ಸೆಲ್ಫ್ ಹೊಡೆದೆ. ಒಂದು ತಿರುಗಿನಲ್ಲೇ ಇಂಜಿನ್ ಹೊತ್ತಿಕೊಂಡಿತು. ಒಂದು ವರ್ಷದಿಂದ ಕೇಳದ ಸದ್ದು. ನನ್ನ ಹೆಂಡತಿ ಅಡಿಗೆಮನೆಯಿಂದ ಓಡಿ ಬಂದಳು.

ಕೆಳಗೆ ಮಲಗಿ ನೋಡಿದೆವು. ಇಂಜಿನಿನಿಂದ ಚಾಸಿಗೆ (ಗಾಡಿಯ ಉಕ್ಕಿನ ಚೌಕಟ್ಟಿಗೆ) ಹೋಗುವ ಒಂದು ತಾಮ್ರದ ಪಟ್ಟಿ ಇರುತ್ತದೆ. ಸಣ್ಣ ತಂತಿಗಳನ್ನು ಜಡೆಯಂತೆ ಹೆಣೆದದ್ದು. ಬೆರಳಷ್ಟು ಅಗಲ. ನನ್ನ ಗಾಡಿಯಲ್ಲಿ ಅದು ಬ್ಯಾಟರಿ ಇಡುವ ತಟ್ಟೆಯ ನೇರ ಕೆಳಗೆ ಇದೆ. ವರ್ಷಗಟ್ಟಲೆ ಬ್ಯಾಟರಿಯ ಆಸಿಡ್ ತೊಟ್ಟಿಕ್ಕಿ, ಮೇಲೆ ನಮ್ಮ ಊರಿನ ಕೆಂಪು ಕೆಸರು ಮೆತ್ತಿ, ಅದು ತಾಮ್ರ ಎಂದು ಗೊತ್ತೇ ಆಗುತ್ತಿರಲಿಲ್ಲ. ಇಚ್ಚ ಬೆರಳಿನಿಂದ ಕೆಸರು ಒರೆಸಿದರು. ಒಳಗೆ ಹಸಿರು ಕಿಲುಬು. ಪಟ್ಟಿಯನ್ನು ಮೆಲ್ಲ ಬಾಗಿಸಿದರೆ ಒಣ ವೀಳ್ಯದೆಲೆಯ ಹಾಗೆ ಪುಡಿ ಉದುರಿತು. ನೂರಾರು ಎಳೆಗಳಲ್ಲಿ ನಾಲ್ಕೈದು ಮಾತ್ರ ಉಳಿದಿದ್ದವು. ಬೋಲ್ಟಿನ ಕೆಳಗೆ ಚಾಸಿಯ ಬಣ್ಣ ಎದ್ದು ತುಕ್ಕು ಹಪ್ಪಳದಂತೆ ಉಬ್ಬಿತ್ತು.

ಈಗ ಕೇಬಲಿನ ಕತೆ ಹೇಳುತ್ತೇನೆ. ಸೆಲ್ಫ್ ತಿರುಗುವಾಗ ಇನ್ನೂರು ಆಂಪಿಯರಿನ ಆಸುಪಾಸು ಕರೆಂಟು ಬೇಕು. ಅದು ಪ್ಲಸ್ಸಿನಿಂದ ಹೋದರೆ ಸಾಲದು, ಮೈನಸ್ಸಿಗೆ ವಾಪಸ್ ಬರಬೇಕು. ಬರುವ ಪಟ್ಟಿ ಹರಿದಿದ್ದರೆ ಇಂಜಿನಿನಿಂದ ಗಾಡಿಯ ಲೋಹದ ಮೈಗೆ (ಬಾಡಿಗೆ) ಇರುವ ಬೇರೆ ಯಾವ ಲೋಹದ ದಾರಿ ಸಿಕ್ಕಿದರೂ ಅದರಲ್ಲಿ ನುಗ್ಗುತ್ತದೆ. ಆಕ್ಸಿಲರೇಟರಿನ ಉಕ್ಕಿನ ತಂತಿ ಅಂಥ ಒಂದು ದಾರಿ. ಪ್ರತಿ ಸಲ ಸೆಲ್ಫ್ ಹೊಡೆದಾಗಲೂ ಆ ತಂತಿ ಕಾದು ಒಳಗಿನ ಪ್ಲಾಸ್ಟಿಕ್ಕನ್ನು ಬೇಯಿಸುತ್ತಿತ್ತು. ಕೇಬಲ್ ಬದಲಿಸಿದರು, ಕಾರಣ ಹಾಗೇ ಉಳಿಯಿತು. ನಿಮ್ಮ ಹಳೆಯ ಗಾಡಿಯಲ್ಲಿ ಕ್ಲಚ್ಚಿನ ಅಥವಾ ಆಕ್ಸಿಲರೇಟರಿನ ಕೇಬಲ್ ಬೇಗ ಬೇಗ ಹೋಗುತ್ತಿದ್ದರೆ, ಅದರ ಜೊತೆಗೆ ಸೆಲ್ಫ್ ಭಾರವಾಗಿದ್ದರೆ, ದಯವಿಟ್ಟು ಈ ಪಟ್ಟಿಯನ್ನು ನೋಡಿ.

ಶಾಲೆಯಲ್ಲಿ ನಾನು ಮಕ್ಕಳಿಗೆ ವಿಜ್ಞಾನ ಕಲಿಸಿದವನು. ಓಮ್ ತನ್ನ ನಿಯಮವನ್ನು ಪ್ರಕಟಿಸಿದ್ದು 1827ರಲ್ಲಿ ಎಂದು ಎಷ್ಟು ಸಲ ಬೋರ್ಡಿನಲ್ಲಿ ಬರೆದಿದ್ದೇನೋ. ಆ ನಿಯಮವನ್ನೇ ಇಲ್ಲಿ ಇಟ್ಟು ನೋಡಿ. ಒಂದು ಓಮಿನ ನೂರನೇ ಒಂದು ಪಾಲಿನಷ್ಟು ತಡೆ. ಇನ್ನೂರು ಆಂಪಿಯರು ಅದರಲ್ಲಿ ಹರಿದರೆ 2 ವೋಲ್ಟ್ ಅಲ್ಲೇ ಖರ್ಚು. ಹನ್ನೆರಡರಲ್ಲಿ ಎರಡು. ಅಷ್ಟು ಸಣ್ಣ ತಡೆಯನ್ನು ಸಾಧಾರಣ ಮೀಟರು ಓಮಿನಲ್ಲಿ ತೋರಿಸುವುದೇ ಇಲ್ಲ, ಸೊನ್ನೆ ಎನ್ನುತ್ತದೆ. ಅದಕ್ಕೇ ಗಾಡಿ ನಿಂತಿರುವಾಗ ತಡೆ ಅಳೆಯುವುದಲ್ಲ, ಕೆಲಸ ಮಾಡುತ್ತಿರುವಾಗ ವೋಲ್ಟೇಜ್ ಎಲ್ಲಿ ಕಳೆದು ಹೋಗುತ್ತದೆ ಎಂದು ಅಳೆಯಬೇಕು. ಇಚ್ಚ ಹೈಸ್ಕೂಲ್ ಮೆಟ್ಟಲು ಹತ್ತಿದವರಲ್ಲ. ಇದನ್ನು ಅವರು ಕೈಯಿಂದ ಕಲಿತಿದ್ದಾರೆ. ನನಗೆ ಅವರ ಮೇಲಿನ ಗೌರವ ಆ ದಿನ ಇಮ್ಮಡಿಯಾಯಿತು.

ಇನ್ನು ಹಿಂದಿನ ದೀಪ. “ಪಾರ್ಕ್ ಲೈಟ್ ಹಾಕಿ. ಬ್ರೇಕ್ ಮೆಟ್ಟಿ. ನಾನು ಹೇಳುವವರೆಗೆ ಬಿಡಬೇಡಿ” ಎಂದರು. ಹಿಂದೆ ಹೋಗಿ ನೋಡುತ್ತಾರೆ ಅಂದುಕೊಂಡೆ. ಅವರು ಎದುರಿಗೆ ಬಂದು ನಿಂತರು. “ಇಳಿದು ಬನ್ನಿ, ನೀವೇ ನೋಡಿ.” ಮಗನನ್ನು ಕೂರಿಸಿ ನಾನು ಇಳಿದೆ. ಮಗ ಬ್ರೇಕ್ ಮೆಟ್ಟಿದ ಕೂಡಲೇ ಎದುರಿನ ಎರಡೂ ಇಂಡಿಕೇಟರುಗಳು ಮಂಕಾಗಿ ಹೊತ್ತಿದವು. ಬಿಟ್ಟರೆ ಕಡಿಮೆಯಾದವು. ಬ್ರೇಕಿಗೂ ಎದುರಿನ ಇಂಡಿಕೇಟರಿಗೂ ಏನು ಸಂಬಂಧ? ಹಿಂದೆ ಹೋಗಿ ನೋಡಿದೆ. ಬ್ರೇಕಿನ ಬಲ್ಬು ಆರುವ ಕೆಂಡದಷ್ಟು ಕೆಂಪಾಗಿತ್ತು. ಪಾರ್ಕ್ ಲೈಟಂತೂ ಬ್ರೇಕ್ ಮೆಟ್ಟಿದಾಗ ಇನ್ನೂ ಕಪ್ಪಾಯಿತು. ಆ ಮಳೆಯ ರಾತ್ರಿ ನಾನು ಬ್ರೇಕ್ ಹಾಕಿದಾಗ ಆ ಮಕ್ಕಳ ಕಣ್ಣಿಗೆ ಕಂಡದ್ದು ಇದೇ. ಬೆಳಕು ಬರಬೇಕಾದಲ್ಲಿ ಕತ್ತಲೆ.

ಕಾರಣ ಮತ್ತೆ ಅದೇ, ವಾಪಸ್ ದಾರಿ. ಹಿಂದಿನ ಎಲ್ಲ ದೀಪಗಳಿಗೂ ಸೇರಿ ಒಂದೇ ಅರ್ಥ್ ವಯರು, ಅಂದರೆ ವಾಪಸ್ ದಾರಿಯ ವಯರು. ಅದು ಚಾಸಿಯ ಒಂದು ಬೋಲ್ಟಿಗೆ ಹೋಗುತ್ತದೆ. ಆ ಬೋಲ್ಟು ಕೈಕೊಟ್ಟಾಗ ಬ್ರೇಕ್ ಬಲ್ಬಿನ ಕರೆಂಟು ಹಿಂದಿನ ಇಂಡಿಕೇಟರ್ ಬಲ್ಬಿನ ಒಳಗೆ ಹಿಮ್ಮುಖವಾಗಿ ನುಗ್ಗಿ, ಇಂಡಿಕೇಟರಿನ ವಯರಿನಲ್ಲೇ ಎದುರಿಗೆ ಬಂದು, ಅಲ್ಲಿನ ಬಲ್ಬನ್ನು ದಾಟಿ ಅರ್ಥಿಗೆ ಸೇರುತ್ತಿತ್ತು. ಮೂರು ಬಲ್ಬುಗಳು ಒಂದೇ ಸಾಲಿನಲ್ಲಿ. ಯಾವುದಕ್ಕೂ ಹೊಟ್ಟೆ ತುಂಬ ಇಲ್ಲ. ಬಲ್ಬ್ ಎಷ್ಟು ಸಲ ಬದಲಿಸಿದರೇನು?

ಇಲ್ಲೇ ಇಚ್ಚ ಮೀಟರಿಗೂ ಬಲ್ಬಿಗೂ ಇರುವ ವ್ಯತ್ಯಾಸ ತೋರಿಸಿದರು. ಬಲ್ಬನ್ನು ಕಳಚಿ ಹೋಲ್ಡರಿನ ಎರಡು ತುದಿಗೆ ಮೀಟರ್ ಹಿಡಿದರು. 12 ವೋಲ್ಟಿನ ಆಸುಪಾಸು ತೋರಿಸಿತು. ಎಲ್ಲ ಸರಿ ಎನ್ನುವ ಹಾಗೆ! ಅಲ್ಲೇ ಟೆಸ್ಟ್ ಲ್ಯಾಂಪ್ ಹಿಡಿದರು. ಸರಿಯಾಗಿ ಉರಿಯಲೇ ಇಲ್ಲ. ಕ್ಲಿಪ್ಪನ್ನು ಉದ್ದ ವಯರಿನಿಂದ ನೇರ ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿದರು. ಝಗ್ಗನೆ ಬೆಳಗಿತು. ಮೀಟರು ಎಳೆಯುವ ಕರೆಂಟು ಏನೂ ಅಲ್ಲ ಎನ್ನುವಷ್ಟು ಕಡಿಮೆ, ಒಂದು ಎಳೆ ತಂತಿ ಉಳಿದಿದ್ದರೂ ಅದು 12 ಎನ್ನುತ್ತದೆ. ಬಲ್ಬಿಗೆ ಹೊಟ್ಟೆ ತುಂಬ ಬೇಕು. ಹಾಗಾಗಿ ಹಳೆಯ ಗಾಡಿಯಲ್ಲಿ ನಿಜ ಹೇಳುವುದು ಬಲ್ಬೇ. ಒಂದು ಎಚ್ಚರಿಕೆ: ಕಂಪ್ಯೂಟರ್, ಏರ್‌ಬ್ಯಾಗ್ ಇರುವ ಹೊಸ ಗಾಡಿಗಳಲ್ಲಿ ಕಂಡ ಕಂಡ ವಯರಿಗೆ ಈ ಬಲ್ಬನ್ನು ಚುಚ್ಚಬಾರದು. ಅಲ್ಲಿ ಅದು ಹಾನಿ ಮಾಡೀತು.

ಆ ಬೋಲ್ಟು ಯಾಕೆ ಹಾಗಾಯಿತು ಎನ್ನುವುದು ನಮ್ಮ ಅಡಿಕೆ ಬೆಳೆಗಾರರೆಲ್ಲ ತಿಳಿಯಬೇಕಾದ ವಿಷಯ. ಅದು ಇರುವುದು ಹಿಂದಿನ ತಟ್ಟಿನ ಕೆಳಗೆ, ಎಡ ಮೂಲೆಯಲ್ಲಿ. ನಾನು ಆ ಮೂಲೆಯಲ್ಲೇ ಮೈಲುತುತ್ತು (ತಾಮ್ರದ ಸಲ್ಫೇಟ್) ಕರಗಿಸಿದ ಡ್ರಮ್ ಇಡುವುದು. ನಮ್ಮ ಇನ್ನೊಂದು ತೋಟ ಅಡ್ಕಸ್ಥಳದ ಕಡೆ ಇದೆ. ಮಹಾಳಿಗೆ ಮದ್ದು ಬಿಡಲು ಮಳೆಗೆ ಮೊದಲೊಮ್ಮೆ, ಆಮೇಲೆ ಸುಮಾರು ನಲವತ್ತು ದಿನ ಕಳೆದು ಇನ್ನೊಮ್ಮೆ ಡ್ರಮ್ ತುಂಬಿಸಿ ಒಯ್ಯುತ್ತೇನೆ. ತಿರುವಿನಲ್ಲಿ ತುಳುಕುತ್ತದೆ. ತುಳುಕಿದ್ದು ಹಲಗೆಯ ಸಂದಿಯಿಂದ ಇಳಿದು ಆ ಬೋಲ್ಟಿನ ಮೇಲೇ ಬೀಳುತ್ತಿತ್ತು. ಬೋಲ್ಟು ಬಿಚ್ಚಿದಾಗ ಅದರ ಅರ್ಧ ಮೈ ತಿಂದು ಹೋಗಿತ್ತು. ಉಳಿದರ್ಧದ ಮೇಲೆ ತೆಳ್ಳಗೆ ತಾಮ್ರದ ಕೆಂಪು ಲೇಪ.

ಆ ಕೆಂಪನ್ನು ನೋಡಿದ ಕೂಡಲೇ ನನಗೆ ಅರ್ಥವಾಯಿತು. ಮಹಾಳಿಯ ಮದ್ದಾದ ಬೋರ್ಡೋ ಮಾಡುವಾಗ ನಾವೆಲ್ಲ ಕತ್ತಿ ಅದ್ದಿ ನೋಡುತ್ತೇವಲ್ಲ? ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕಲಸಿದ ಮೇಲೆ ಉಜ್ಜಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಬೇಕು. ಅಲಗು ಕೆಂಪಾದರೆ ಸುಣ್ಣ ಸಾಲದು. ಇನ್ನಷ್ಟು ಹಾಕಬೇಕು. ನನ್ನ ಅಪ್ಪ ಕಲಿಸಿದ ಪಾಠ ಅದು. ಸುಣ್ಣ ಸೇರದ ಮೈಲುತುತ್ತು ಕಬ್ಬಿಣವನ್ನು ತಿಂದು ತನ್ನ ತಾಮ್ರವನ್ನು ಅಲ್ಲಿ ಬಿಡುತ್ತದೆ. ಅದಕ್ಕೇ ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸುವುದಿಲ್ಲ. ಕಬ್ಬಿಣದ ಗಾಡಿಯಲ್ಲಿ ಮಾತ್ರ ಎಗ್ಗಿಲ್ಲದೆ ಒಯ್ಯುತ್ತೇವೆ! ಕತ್ತಿ ಅದ್ದದೆ ನಾವು ಅಡಿಕೆಯ ಒಂದು ಗೊನೆಗೂ ಮದ್ದು ಬಿಡುವುದಿಲ್ಲ. ಅಡಿಕೆಗೆ ತೋರುವ ಆ ಜಾಗ್ರತೆಯನ್ನು ಗಾಡಿಗೂ ತೋರಿದ್ದರೆ ನನ್ನ 17,400 ರೂಪಾಯಿ ಉಳಿಯುತ್ತಿತ್ತು. ಆ ಮಕ್ಕಳಿಗೆ ಅಂಥ ರಾತ್ರಿ ಬರುತ್ತಿರಲಿಲ್ಲ.

ಡ್ರಮ್ಮಿನ ಕೆಳಗೆ ಈಗ ಅಗಲದ ಪ್ಲಾಸ್ಟಿಕ್ ತೊಟ್ಟಿ ಇಟ್ಟಿದ್ದೇನೆ. ಮದ್ದು ಒಯ್ದ ದಿನ ಸಂಜೆ ಕೆಳಗಿನಿಂದ ನೀರು ಹೊಡೆಯುತ್ತೇನೆ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಮೀನು ಒಯ್ಯುವವರಿಗೂ ಇದನ್ನೇ ಹೇಳುತ್ತೇನೆ. ಮಂಜುಗಡ್ಡೆ ಕರಗಿದ ಉಪ್ಪುನೀರು ಇದಕ್ಕಿಂತ ಕಡಿಮೆ ಏನಲ್ಲ.

ದುರಸ್ತಿಗೆ ಹಿಡಿದದ್ದು ಎರಡು ಗಂಟೆ. ಮೊದಲು ಬ್ಯಾಟರಿಯ ಮೈನಸ್ ಕಳಚಿದರು. ಯಾವಾಗಲೂ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇಲ್ಲದಿದ್ದರೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಹೊಸ ತಾಮ್ರದ ಪಟ್ಟಿ 280 ರೂಪಾಯಿ. ಬೋಲ್ಟು, ಹಲ್ಲಿನ ವಾಶರ್ ಸೇರಿ 60. ಚಾಸಿಯನ್ನು ಉಪ್ಪುಕಾಗದದಿಂದ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದರು. ಬಿಗಿ ಮಾಡಿದ ಮೇಲೆ ಮೇಲಿನಿಂದ ವ್ಯಾಸಲೀನ್ ಸವರಿದರು. ಸೆಲ್ಫ್ ಹೊಡೆಯುವಾಗ ಮತ್ತೆ ಅಳೆದೆವು. 2.4 ಇದ್ದದ್ದು 0.1 ಆಗಿತ್ತು. ಇಚ್ಚ ಕೂಲಿ ತೆಗೆದುಕೊಳ್ಳಲಿಲ್ಲ. ಒತ್ತಾಯ ಮಾಡಿ ಎರಡು ತೆಂಗಿನಕಾಯಿ ಗೊನೆ ಕಳಿಸಿದೆ.

ಹೊರಡುವ ಮೊದಲು ಇನ್ನೊಂದು ನೋಡಿದರು. ಮೂರು ನಾಲ್ಕು ದಿನ ಗಾಡಿ ತೆಗೆಯದಿದ್ದರೆ ಬ್ಯಾಟರಿ ಇಳಿಯುತ್ತದೆ ಎಂದು ನಾನು ಹೇಳಿದ್ದೆ. ಎಲ್ಲ ಆಫ್ ಮಾಡಿ, ಬಾಗಿಲು ಮುಚ್ಚಿ, ಮೈನಸ್ ಕಳಚಿ, ನಡುವೆ ಮೀಟರನ್ನು 10 ಆಂಪಿಯರಿಗೆ ಇಟ್ಟು ಜೋಡಿಸಿದರು. 0.46 ಆಂಪಿಯರು. ಇಂಥ ಹಳೆಯ ಗಾಡಿಯಲ್ಲಿ 0.05ಕ್ಕಿಂತ ಮೇಲೆ ಹೋಗಬಾರದು. ಒಂದೊಂದೇ ಫ್ಯೂಸ್ ಕಿತ್ತರು. ಇಳಿಯಲಿಲ್ಲ. ಮತ್ತೆ ಹುಡುಕಿದರೆ ಹಿಂದಿನ ಮಾಲಕರು ಹಾಡಿನ ಸೆಟ್ಟಿಗೆ ನೇರ ಬ್ಯಾಟರಿಯಿಂದ, ಫ್ಯೂಸ್ ಕೂಡ ಇಲ್ಲದೆ, ಒಂದು ವಯರ್ ಎಳೆದಿದ್ದರು. ಅದನ್ನು ಕಳಚಿದ ಕೂಡಲೇ 0.02. ಲೆಕ್ಕ ಹಾಕಿ ನೋಡಿ. 0.46ನ್ನು 24 ಗಂಟೆಗೆ ಗುಣಿಸಿದರೆ ದಿನಕ್ಕೆ 11. ನನ್ನದು 75 ಆಂಪಿಯರ್ ಅವರ್ ಬ್ಯಾಟರಿ. ಏಳು ದಿನಕ್ಕೆ ಪೂರ್ತಿ ಖಾಲಿ. ನಾನು ಬಿಸಾಡಿದ ಹಳೆಯ ಬ್ಯಾಟರಿಯ ತಪ್ಪು ಬಹುಶಃ ಏನೂ ಇರಲಿಲ್ಲ. ಮೀಟರ್ ಹೀಗೆ ಜೋಡಿಸಿರುವಾಗ ಮರೆತೂ ಸೆಲ್ಫ್ ಹೊಡೆಯಬಾರದು, ಮೀಟರೇ ಸುಡುತ್ತದೆ.

ಡೈನಮೋ? ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5ರ ಒಳಗೆ ಬಂದರೆ ಅದು ಸರಿ ಇದೆ. ನನ್ನ ಹಳೆಯ ಡೈನಮೋ ಕೊಟ್ಟಿಗೆಯಲ್ಲೇ ಬಿದ್ದಿತ್ತು. ಮಂಗಳೂರಿಗೆ ಹೋದಾಗ ಬೆಂಚಿನಲ್ಲಿ ಪರೀಕ್ಷೆ ಮಾಡಿಸಿದೆ. ಏನೂ ಆಗಿರಲಿಲ್ಲ.

ಎರಡು ಕೆಟ್ಟ ಅಭ್ಯಾಸಗಳ ಬಗ್ಗೆ ಕಡ್ಡಾಯವಾಗಿ ಹೇಳಬೇಕು. ಡೈನಮೋ ಚಾರ್ಜ್ ಮಾಡುತ್ತದೋ ನೋಡಲು ಇಂಜಿನ್ ಓಡುವಾಗಲೇ ಬ್ಯಾಟರಿಯ ವಯರ್ ಕಳಚುವವರಿದ್ದಾರೆ. ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ನೆಗೆದು ಒಳ್ಳೆಯ ಡೈನಮೋದ ಡಯೋಡ್ ಕೂಡ ಸುಡಬಹುದು. ಇನ್ನೊಂದು, ಹೋದ ಫ್ಯೂಸಿನ ಜಾಗಕ್ಕೆ ಸಿಗರೇಟು ಪ್ಯಾಕಿನ ತಗಡೋ, ನಾಲ್ಕು ಎಳೆ ತಂತಿಯೋ ಸುತ್ತುವುದು. ಫ್ಯೂಸಿನ ಬಣ್ಣಕ್ಕೆ ಅರ್ಥ ಇದೆ. ಕೆಂಪು 10, ನೀಲಿ 15, ಹಳದಿ 20, ಹಸಿರು 30. ನೀಲಿ ಹೋದರೆ ನೀಲಿಯನ್ನೇ ಹಾಕಿ. ಅದೂ ಹೋದರೆ ವಯರು ಎಲ್ಲೋ ಬಾಡಿಗೆ ತಾಗುತ್ತಿದೆ, ಅದನ್ನು ಹುಡುಕಿ. ಅಡಿಕೆ ಗೋಣಿ ಇಡುವ ಮನೆಯಲ್ಲಿ ಇಲಿ ಇರುವುದಂತೂ ಖಂಡಿತ, ವಯರ್ ಕಡಿಯುವುದೂ ಖಂಡಿತ. ತಗಡು ಸುತ್ತಿದ ಗಾಡಿಯಲ್ಲಿ ಕರಗುವುದು ಫ್ಯೂಸ್ ಅಲ್ಲ, ವಯರು. ಅದರ ಹತ್ತಿರವೇ ಡೀಸೆಲ್ ಪೈಪು.

ಸಂಪಾದಕರೇ, ನನ್ನ ಬೇಡಿಕೆ ದೊಡ್ಡದಲ್ಲ. ಗ್ಯಾರೇಜಿನ ಸಹೋದರರಲ್ಲಿ ಕೇಳುವುದು ಇಷ್ಟು. ಯಾವುದೇ ಇಲೆಕ್ಟ್ರಿಕಲ್ ಪಾರ್ಟ್ ಬದಲಿಸುವ ಮೊದಲು ನಾಲ್ಕು ಅಳತೆ ತೆಗೆದು ಬಿಲ್ಲಿನ ಹಿಂದೆ ಬರೆದುಕೊಡಿ. ನಿಂತಿರುವಾಗ ಬ್ಯಾಟರಿ ಎಷ್ಟು, ಸೆಲ್ಫ್ ಹೊಡೆಯುವಾಗ ಎಷ್ಟು, ಇಂಜಿನ್ ಓಡುವಾಗ ಎಷ್ಟು, ಇಂಜಿನಿನಿಂದ ಮೈನಸ್ಸಿಗೆ ಎಷ್ಟು ಕಳೆದು ಹೋಗುತ್ತದೆ. ಹತ್ತು ನಿಮಿಷದ ಕೆಲಸ. ಅದಕ್ಕೆ ನೂರು ರೂಪಾಯಿ ಕೇಳಿ, ಸಂತೋಷದಿಂದ ಕೊಡುತ್ತೇವೆ. ಗಾಡಿ ಇರುವವರು ಆ ನಾಲ್ಕು ಅಂಕೆಗಳನ್ನು ಕೇಳಿ ಪಡೆಯಬೇಕು.

ಕೃಷಿಭವನದವರು, ಸಹಕಾರಿ ಸಂಘದವರು, ಊರಿನ ಗ್ರಂಥಾಲಯದವರು ಮೇ ತಿಂಗಳಲ್ಲಿ ಒಂದು ಭಾನುವಾರ ಪಿಕಪ್, ಜೀಪುಗಳನ್ನು ಮೈದಾನದಲ್ಲಿ ಸೇರಿಸಬಾರದೇ? ಮದ್ದು ಬಿಡುವ ತರಬೇತಿ ಕೊಡುತ್ತಾರೆ, ಒಳ್ಳೆಯದೇ. ಆ ಮದ್ದನ್ನು ಒಯ್ಯುವ ಗಾಡಿಯನ್ನೂ ಅದೇ ದಿನ ನೋಡಬಹುದು ಅಲ್ವಾ? ಆದರೆ ಹೇಳುವುದು ಕನ್ನಡದಲ್ಲಿರಲಿ. ಗಾಡಿಯ ಪುಸ್ತಕ ಇಂಗ್ಲಿಷಿನಲ್ಲಿದೆ, ಮೀಟರಿನ ಚೀಟಿಯೂ ಇಂಗ್ಲಿಷಿನಲ್ಲಿದೆ. ‘ಅರ್ಥ್’ ಎಂಬ ಮಾತು ಕೇಳಿ ಮಣ್ಣು ಎಂದು ತಿಳಿದವರನ್ನು ನಾನು ನೋಡಿದ್ದೇನೆ. ಗಾಡಿ ನಿಂತಿರುವುದು ರಬ್ಬರಿನ ಟಯರಿನ ಮೇಲೆ, ಮಣ್ಣಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ‘ವಾಪಸ್ ದಾರಿ’ ಎಂದು ಹೇಳಿದರೆ ನಮ್ಮ ಕೆಲಸದಾಳಿಗೂ ಒಂದೇ ಮಾತಿನಲ್ಲಿ ತಿಳಿಯುತ್ತದೆ. ನಿಮ್ಮ ಪತ್ರಿಕೆ ಮಳೆಗಾಲಕ್ಕೆ ಮೊದಲು ಈ ವಿಷಯಕ್ಕೆ ಅರ್ಧ ಪುಟ ಕೊಟ್ಟರೆ ಗಡಿನಾಡಿನ ಎಷ್ಟೋ ಮನೆಗಳಿಗೆ ಉಪಕಾರವಾದೀತು. ಬರೆಯುವ ಕೆಲಸ ನಾನು ಮಾಡಿಕೊಡುತ್ತೇನೆ, ಇಚ್ಚ ಹೇಳಿಕೊಡುತ್ತಾರೆ.

ಆ ರಾತ್ರಿ ಬೈಕಿನಲ್ಲಿದ್ದ ಹುಡುಗ ಹೋದ ವಾರ ಮನೆಗೆ ಬಂದಿದ್ದ. ಅವನ ಅಪ್ಪನ ಜೀಪು ತಂದಿದ್ದ. ಅಂಗಳದಲ್ಲಿ ನಿಲ್ಲಿಸಿ ಅವನು ಬ್ರೇಕ್ ಮೆಟ್ಟಿದ, ನಾನು ಎದುರಿಗೆ ನಿಂತೆ. ಬಲಗಡೆಯ ಇಂಡಿಕೇಟರ್ ಮಂಕಾಗಿ ಹೊತ್ತಿತು. ಇಬ್ಬರೂ ಉಪ್ಪುಕಾಗದ ಹಿಡಿದು ಜೀಪಿನ ಅಡಿಗೆ ಹೋದೆವು.

ಇತಿ,
ನಿವೃತ್ತ ಅಧ್ಯಾಪಕ, ಅಡಿಕೆ ಕೃಷಿಕ
ಪೆರ್ಲ, ಕಾಸರಗೋಡು ಜಿಲ್ಲೆ